ಸಿ ಡ್ರೈವ್ ಕೆಂಪಾದಾಗ

ಹಾಸನದ ಒಂದು ಕಂಪ್ಯೂಟರ್ ಸರ್ವೀಸ್ ಅಂಗಡಿ. ಮದುವೆ ಫೋಟೋ, ವಿಡಿಯೋ ಮಾಡುವ ಸ್ಟುಡಿಯೋದ ಮಾಲೀಕರು ತಮ್ಮ ಸಿಪಿಯು ಡಬ್ಬವನ್ನು ಟೇಬಲ್ಲಿನ ಮೇಲಿಟ್ಟು, ಚೀಲದಿಂದ ಒಂದು ಸಿಡಿ ತೆಗೆದರು.

“ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಬರೋದಿಲ್ವಂತೆ. 11 ಹಾಕ್ಕೊಡಮ್ಮ. ಹಾಗೇ ಸಿ ಡ್ರೈವ್ ಕೆಂಪಾಗಿ ಕೂತಿದೆ, ಡಿ ಇಂದ ನೂರು ಜಿಬಿ ಕಿತ್ತು ಅದಕ್ಕೆ ಸೇರಿಸಿಬಿಡು. ಸಾಫ್ಟ್‌ವೇರ್ ಹುಡುಕೋ ಕಷ್ಟ ನಿನಗೆ ಬೇಡ, ನಾನೇ ತಂದಿದೀನಿ.”

ಅಂಗಡಿಯಾಕೆ ಸಿಡಿಯನ್ನು ತಿರುಗಿಸಿ ನೋಡಿದಳು. ಮಾರ್ಕರ್ ಪೆನ್ನಿನಲ್ಲಿ ‘ಪಾರ್ಟಿಷನ್ ಮ್ಯಾಜಿಕ್ 8’ ಎಂದು ಬರೆದಿತ್ತು.

“ಅಣ್ಣಾ, ಇದನ್ನ ಮ್ಯೂಸಿಯಮ್ಮಿಗೆ ಕೊಟ್ಟರೆ ಖುಷಿಯಿಂದ ಇಟ್ಕೋತಾರೆ.”

“ನಗಬೇಡ ಕಣಮ್ಮ. ಎಕ್ಸ್‌ಪಿ ಕಾಲದಲ್ಲಿ ಇದರಿಂದ ಎಷ್ಟು ಸಿಸ್ಟಂ ಸರಿಮಾಡಿದೀನಿ ಗೊತ್ತಾ? ಒಂದು ಫೈಲೂ ಹೋಗಿಲ್ಲ.”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅಮೆರಿಕದ ಯೂಟಾ ರಾಜ್ಯದ ಪವರ್‌ಕ್ವೆಸ್ಟ್ ಕಂಪನಿಯ ಆ ತಂತ್ರಾಂಶ ತನ್ನ ಕಾಲದಲ್ಲಿ ನಿಜಕ್ಕೂ ಜಾದೂವೇ ಆಗಿತ್ತು. ಆಗಿನ ವಿಂಡೋಸ್‌ನಲ್ಲಿ ಪಾರ್ಟಿಷನ್ ಅಳಿಸಬಹುದಿತ್ತು, ಹೊಸದು ಮಾಡಬಹುದಿತ್ತು. ಒಳಗಿನ ಫೈಲು ಹಾಗೇ ಇರುವಂತೆ ಕುಗ್ಗಿಸುವ ದಾರಿ ಮಾತ್ರ ಇರಲಿಲ್ಲ. ಪಾರ್ಟಿಷನ್ ಮ್ಯಾಜಿಕ್ ಅದನ್ನು ಮೌಸಿನಿಂದ ಎಳೆದು ಮಾಡಿ ತೋರಿಸಿತು. 8ನೇ ಆವೃತ್ತಿ ಬಂದದ್ದು 2002ರಲ್ಲಿ. ಮರುವರ್ಷವೇ ಸಿಮ್ಯಾಂಟೆಕ್ ಕಂಪನಿ ಪವರ್‌ಕ್ವೆಸ್ಟನ್ನು ಕೊಂಡಿತು, 2004ರಲ್ಲಿ ನಾರ್ಟನ್ ಹೆಸರಿನಲ್ಲಿ ಸಣ್ಣದೊಂದು ಪರಿಷ್ಕರಣೆ ಹೊರಬಂತು. ಅಲ್ಲಿಗೆ ಅದರ ಬೆಳವಣಿಗೆ ನಿಂತಿತು. 2009ರಲ್ಲಿ ಮಾರಾಟವೂ ನಿಂತಿತು. ಭಾರತದ ಅಂಗಡಿಗಳಲ್ಲಿ ಮಾತ್ರ ಅದು ನಕಲು ಸಿಡಿಗಳ ರೂಪದಲ್ಲಿ ಇನ್ನೂ ಬಹಳ ದಿನ ಬದುಕಿತ್ತು.

“ಇದು ಕೆಟ್ಟ ಸಾಫ್ಟ್‌ವೇರ್ ಅಂತ ನಾನು ಹೇಳ್ತಿಲ್ಲ” ಎಂದಳು ಆಕೆ. “ಇದಕ್ಕೆ ಗೊತ್ತಿರೋ ಪ್ರಪಂಚ ಎಕ್ಸ್‌ಪಿಗೆ ಮುಗಿದುಹೋಗುತ್ತೆ. 2007ರಲ್ಲಿ ವಿಸ್ತಾ ಬಂತಲ್ಲ, ಆಗಲೇ ಇದರ ಕಥೆ ಮುಗೀತು.”

“ವಿಸ್ತಾ ಯಾರು ಬಳಸಿದ್ರಮ್ಮ? ನಾವೆಲ್ಲ ಎಕ್ಸ್‌ಪಿಯಿಂದ ಸೀದಾ ಸೆವೆನ್‌ಗೆ ಹಾರಿದವರು.”

“ಬಳಸದೇ ಇದ್ರೂ ಅದರ ಲೆಕ್ಕಾಚಾರ ನಿಮ್ಮ ಡಿಸ್ಕಿಗೆ ಬಂದಿದೆ. ಎಕ್ಸ್‌ಪಿವರೆಗೂ ಡಿಸ್ಕಿನ ಮೊದಲನೇ ಪಾರ್ಟಿಷನ್ 63ನೇ ಸೆಕ್ಟರಿನಿಂದ ಶುರುವಾಗ್ತಿತ್ತು. ಹಳೇ ಡಿಸ್ಕಿನ ಒಂದು ಟ್ರ್ಯಾಕಿಗೆ 63 ಸೆಕ್ಟರ್ ಅನ್ನೋ ಲೆಕ್ಕ. ವಿಸ್ತಾ ಅದನ್ನ ಬಿಟ್ಟು 2048ನೇ ಸೆಕ್ಟರಿನಿಂದ, ಅಂದ್ರೆ ಸರಿಯಾಗಿ ಒಂದು ಎಂಬಿ ಆದಮೇಲೆ ಶುರುಮಾಡ್ತು. ಸೆವೆನ್, 10, 11, ಎಲ್ಲಾ ಅದೇ ದಾರಿ.”

ಆ ಬದಲಾವಣೆಗೆ ಕಾರಣವಿತ್ತು. 2010ರ ಆಸುಪಾಸಿಗೆ ಹಾರ್ಡ್ ಡಿಸ್ಕ್ ತಯಾರಕರು 512 ಬೈಟಿನ ಸೆಕ್ಟರ್ ಬಿಟ್ಟು 4096 ಬೈಟಿನ ಸೆಕ್ಟರಿಗೆ ಹೊರಳಿದರು. 63 ಎಂಬ ಬೆಸಸಂಖ್ಯೆಯಿಂದ ಶುರುವಾದ ಪಾರ್ಟಿಷನ್ನಿನಲ್ಲಿ ಕಡತದ ಒಂದೊಂದು ತುಂಡೂ ಎರಡೆರಡು ಸೆಕ್ಟರುಗಳ ಮೇಲೆ ಕಾಲು ಚಾಚಿ ಕೂರುತ್ತದೆ. ಬರೆಯಲು ಹೋದಾಗ ಡಿಸ್ಕು ಮೊದಲು ಓದಿ, ತಿದ್ದಿ, ಮತ್ತೆ ಬರೆಯಬೇಕಾಗುತ್ತದೆ. ಎಸ್‌ಎಸ್‌ಡಿಗಳಿಗೂ ಇದು ಒಗ್ಗದು. ಪಾರ್ಟಿಷನ್ ಮ್ಯಾಜಿಕ್‌ಗೋ ಸಿಲಿಂಡರಿನ ಗೆರೆಗೆ ಕೂರದ ಯಾವ ಪಾರ್ಟಿಷನ್ನೂ ತಪ್ಪಾಗಿಯೇ ಕಾಣುತ್ತಿತ್ತು. ಡಿಸ್ಕಿನಲ್ಲಿ ದೋಷವಿದೆ, ಸರಿಪಡಿಸಲೇ ಎಂದು ಅದು ವಿನಯದಿಂದಲೇ ಕೇಳುತ್ತಿತ್ತು. ಆ ಪ್ರಶ್ನೆಗೆ ‘ಎಸ್’ ಒತ್ತಿ ಚೆನ್ನಾಗಿದ್ದ ಡಿಸ್ಕನ್ನೇ ಕೆಡಿಸಿಕೊಂಡವರು ಉಂಟು. ಹೊಸದನ್ನು ಅರಿಯದ ತಂತ್ರಾಂಶ ಅರಿಯೆ ಎಂದು ಸುಮ್ಮನಾಗಿಬಿಟ್ಟರೆ ತೊಂದರೆಯಿಲ್ಲ. ರಿಪೇರಿಗೆ ಕೈ ಹಾಕಿದಾಗಲೇ ಅಪಾಯ.

“ಸರಿ, ಇದು ಬೇಡ” ಎಂದು ಮಾಲೀಕರು ಸಿಡಿಯನ್ನು ಚೀಲಕ್ಕೆ ಹಾಕಿದರು. “ಈಗಿನದ್ದರಲ್ಲಿ ಯಾವುದು ಒಳ್ಳೇದು, ಅದನ್ನ ಹಾಕು. ಮಿನಿಟೂಲ್, ಈಸ್‌ಅಸ್, ಎಒಎಂಇಐ ಅಂತೆಲ್ಲ ಯೂಟ್ಯೂಬಿನಲ್ಲಿ ತೋರಿಸ್ತಾರೆ.”

“ಯಾವುದು ಒಳ್ಳೇದು ಅನ್ನೋದು ಆಮೇಲೆ. ಮೊದಲು ನಿಮ್ಮ ಡಿಸ್ಕಿಗೆ ಏನು ಬೇಕು ನೋಡೋಣ.”

ಸಿಸ್ಟಂ ಚಾಲೂ ಆಯಿತು. ಆಕೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಳು. ಒಂದು ಟಿಬಿಯ ಎಸ್‌ಎಸ್‌ಡಿ. ಎಡತುದಿಯಲ್ಲಿ ‘ಸಿಸ್ಟಂ ರಿಸರ್ವ್ಡ್’ ಎಂಬ ಚೂರು, ಆಮೇಲೆ ನೂರು ಜಿಬಿಯ ಸಿ, ಅದರ ಮಗ್ಗುಲಿಗೆ ಅರ್ಧ ಜಿಬಿಯ ರಿಕವರಿ ಪಾರ್ಟಿಷನ್, ಅದರಾಚೆ ಹಸಿರು ಚೌಕಟ್ಟಿನೊಳಗೆ ಡಿ, ಇ, ಎಫ್.

“ಇದನ್ನ ಯಾರು ಹೀಗೆ ಮಾಡಿದ್ದು?”

“ಅಸೆಂಬಲ್ ಮಾಡಿಕೊಟ್ಟವನು. ಸಿ ಡಿ ಇ ಎಫ್ ಇಲ್ದೇ ಇದ್ರೆ ಅದು ಕಂಪ್ಯೂಟರೇ? ಆಮೇಲೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದಾಗ ಇದ್ದ ಹಾಗೇ ಕ್ಲೋನ್ ಮಾಡಿದ್ರು. ಮಧ್ಯೆ ಒಂದ್ಸಲ ಸಿ ಮಾತ್ರ ಫಾರ್ಮ್ಯಾಟ್ ಹೊಡೆಸಿದ್ದೆ.”

ನಮ್ಮೂರುಗಳ ಅಸೆಂಬಲ್ ಮಾಡಿದ ಕಂಪ್ಯೂಟರುಗಳಲ್ಲಿ ಈ ನಾಲ್ಕಕ್ಷರದ ಸಂಪ್ರದಾಯ ಎಷ್ಟು ಬೇರೂರಿದೆಯೆಂದರೆ, ಒಂದೇ ಒಂದು ಸಿ ಡ್ರೈವ್ ಇರುವ ಹೊಸ ಲ್ಯಾಪ್‌ಟಾಪ್ ಕೊಂಡವರು ಮಾರನೇ ದಿನವೇ ಅಂಗಡಿಗೆ ತಂದು ‘ಡಿ ಬಂದಿಲ್ಲ’ ಎಂದು ದೂರುತ್ತಾರೆ. ವೈರಸ್ ಬಂದು ಸಿ ಫಾರ್ಮ್ಯಾಟ್ ಮಾಡಿದರೂ ಡಿಯಲ್ಲಿರುವುದು ಉಳಿಯಲಿ ಎಂಬ ಆಲೋಚನೆಯಲ್ಲಿ ಅರ್ಥವಿತ್ತು. ಆದರೆ ಸಿಗೆ ಆ ಕಾಲದ ಅಂದಾಜಿನಲ್ಲಿ ಕೊಟ್ಟ ಜಾಗ ಈಗ ವಿಂಡೋಸ್, ಅದರ ಅಪ್‌ಡೇಟ್, ವಿಡಿಯೋ ಎಡಿಟಿಂಗ್ ತಂತ್ರಾಂಶ ಎಲ್ಲ ಸೇರಿ ಉಸಿರುಗಟ್ಟುತ್ತಿದೆ.

“ನೋಡಿ ಅಣ್ಣಾ, ನಿಮ್ಮ ಡಿಸ್ಕು ಎಂಬಿಆರ್. 1983ರಲ್ಲಿ ಡಾಸ್ ಎರಡನೇ ಆವೃತ್ತಿ ಜೊತೆ ಬಂದ ಪದ್ಧತಿ. ಡಿಸ್ಕಿನ ಮೊಟ್ಟಮೊದಲ 512 ಬೈಟಿನೊಳಗೆ ಬೂಟ್ ಕೋಡೂ ಇರಬೇಕು, ಪಾರ್ಟಿಷನ್ನುಗಳ ಪಟ್ಟೀನೂ ಇರಬೇಕು. ಪಟ್ಟಿಗೆ ಸಿಗೋದು 64 ಬೈಟು, ಒಂದಕ್ಕೆ 16ರ ಹಾಗೆ ನಾಲ್ಕೇ ನಾಲ್ಕು ಸಾಲು.”

“ಇಲ್ಲಿ ಆರು ಕಾಣ್ತಿದೆಯಲ್ಲ?”

“ಅದಕ್ಕೇ ಈ ಹಸಿರು ಚೌಕಟ್ಟು. ನಾಲ್ಕನೇ ಸಾಲನ್ನ ಎಕ್ಸ್‌ಟೆಂಡೆಡ್ ಅಂತ ಮಾಡಿ, ಅದರ ಹೊಟ್ಟೇಲಿ ಡಿ, ಇ, ಎಫ್ ಕೂರಿಸಿದಾರೆ. ಅವಕ್ಕೆ ಲಾಜಿಕಲ್ ಅಂತಾರೆ. ವಿಂಡೋಸ್ 11ಕ್ಕೆ ಬೇಕಾಗಿರೋದು ಯುಇಎಫ್‌ಐ ಅನ್ನೋ ಹೊಸ ಬೂಟ್ ಕ್ರಮ, ಅದರಿಂದ ವಿಂಡೋಸ್ ಬೂಟ್ ಆಗೋಕೆ ಜಿಪಿಟಿ ಡಿಸ್ಕ್ ಬೇಕು. ಅದರಲ್ಲಿ 128 ಪಾರ್ಟಿಷನ್‌ವರೆಗೂ ಜಾಗ ಇದೆ, ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೇಲೂ ಇರುತ್ತೆ.”

ಕಂಪ್ಯೂಟರ್ 11ಕ್ಕೆ ಅರ್ಹವೇ ಎಂದು ನೋಡುವ ಮೈಕ್ರೋಸಾಫ್ಟಿನ ತಂತ್ರಾಂಶ ಇವರ ಪರದೆಯಲ್ಲಿ ಸೆಕ್ಯೂರ್ ಬೂಟ್ ಇಲ್ಲವೆಂದು ತೋರಿಸಿತ್ತು. ಮಾಲೀಕರು ಮದರ್‌ಬೋರ್ಡೇ ಹಳತಾಯಿತೆಂದು ಹೆದರಿದ್ದರು. ಬೋರ್ಡಿಗೇನೂ ಆಗಿರಲಿಲ್ಲ, ಪ್ರೊಸೆಸರೂ ಇಂಟೆಲ್‌ನ ಎಂಟನೇ ತಲೆಮಾರಿನದು, ಅರ್ಹವಾದದ್ದೇ. ಹಳೆಯ ಲೆಗಸಿ ಕ್ರಮದಲ್ಲಿ ವಿಂಡೋಸ್ ಹಾಕಿದ್ದೇ ಅಡ್ಡಿ.

“ಹಾಗಾದ್ರೆ ಜಿಪಿಟಿ ಮಾಡು.”

“ಅದಕ್ಕೆ ವಿಂಡೋಸ್ ಒಳಗೇ ಒಂದು ಉಪಕರಣ ಇದೆ, ಎಂಬಿಆರ್2ಜಿಪಿಟಿ ಅಂತ. 2017ರ 1703 ಆವೃತ್ತಿಯಿಂದ ಬರ್ತಿದೆ. ದುಡ್ಡು ಕೊಡೋ ಹಾಗಿಲ್ಲ, ಫೈಲೂ ಅಳಿಸಲ್ಲ. ಮೊದಲು ‘ವ್ಯಾಲಿಡೇಟ್’ ಅಂತ ಕೇಳಿದ್ರೆ, ಡಿಸ್ಕನ್ನ ಮುಟ್ಟದೆ ಆಗುತ್ತೋ ಇಲ್ವೋ ಹೇಳುತ್ತೆ.”

ಆಕೆ ಕಪ್ಪು ಕಿಟಕಿಯಲ್ಲಿ ಆಜ್ಞೆ ಬರೆದು ಎಂಟರ್ ಒತ್ತಿದಳು. ಆಗುವುದಿಲ್ಲ ಎಂದು ಉತ್ತರ ಬಂತು.

“ಇದೇ ನೋಡಿ. ಮೂರಕ್ಕಿಂತ ಜಾಸ್ತಿ ಪ್ರೈಮರಿ ಇರಬಾರದು, ಎಕ್ಸ್‌ಟೆಂಡೆಡ್ ಇರಲೇಬಾರದು ಅನ್ನೋದು ಅದರ ಷರತ್ತು.”

“ಅಲ್ಲಿಗೆ ಬೇರೆ ಸಾಫ್ಟ್‌ವೇರ್ ಬೇಕೇ ಬೇಕು ಅಂತಾಯ್ತು!” ಮಾಲೀಕರ ದನಿಯಲ್ಲಿ ಗೆಲುವಿತ್ತು.

ಅವರು ಹೇಳಿದ ಹೆಸರುಗಳೇನೂ ಸುಮ್ಮನೆ ಅಲ್ಲ. ಆ ಕಂಪನಿಗಳ ತಂತ್ರಾಂಶಗಳು ಲಾಜಿಕಲ್ ಪಾರ್ಟಿಷನ್ ಇರುವ ಡಿಸ್ಕನ್ನೂ ಜಿಪಿಟಿ ಮಾಡುತ್ತವೆ, ನಡುವೆ ಸಿಕ್ಕಿಕೊಂಡ ಪಾರ್ಟಿಷನ್ನನ್ನು ಎತ್ತಿ ಆಚೆಗಿಡುತ್ತವೆ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಈ ಎತ್ತಿಡುವ ಕೆಲಸ ಇವತ್ತಿಗೂ ಬರುವುದಿಲ್ಲ. ಸಿಗೆ ಸೇರಿಸಬೇಕಾದ ಖಾಲಿ ಜಾಗ ಸಿಯ ಬಲಮಗ್ಗುಲಿಗೇ ಇರಬೇಕು; ನಡುವೆ ಅರ್ಧ ಜಿಬಿಯ ರಿಕವರಿ ಪಾರ್ಟಿಷನ್ ಕೂತಿದ್ದರೂ ‘ಎಕ್ಸ್‌ಟೆಂಡ್ ವಾಲ್ಯೂಮ್’ ಮಸುಕಾಗಿಯೇ ಇರುತ್ತದೆ. ಜನ ಹೊರಗಿನ ತಂತ್ರಾಂಶ ಹುಡುಕಿ ಹೊರಡುವುದು ಹೆಚ್ಚಾಗಿ ಈ ಮಸುಕು ಸಾಲನ್ನು ನೋಡಿದ ಮೇಲೆಯೇ. ಉಚಿತ ಎಂದು ಇಳಿಸಿಕೊಂಡ ತಂತ್ರಾಂಶ ಎಲ್ಲವನ್ನೂ ಚಿತ್ರದಲ್ಲಿ ಅಂದವಾಗಿ ಮಾಡಿ ತೋರಿಸಿ, ಕೊನೆಯ ‘ಅಪ್ಲೈ’ ಒತ್ತಿದಾಗ ದುಡ್ಡು ಕೇಳುವುದೂ ಉಂಟು.

“ಕೊಳ್ಳೋದಾದ್ರೆ ಕೊಳ್ಳಿ, ಬೇಡ ಅನ್ನಲ್ಲ. ಆದರೆ ಕ್ರ್ಯಾಕ್ ಮಾಡಿದ್ದು ಬೇಡ. ಡಿಸ್ಕಿನ ಬುಡಕ್ಕೇ ಕೈ ಹಾಕೋ ಸಾಫ್ಟ್‌ವೇರ್ ಇದು. ಅದರೊಳಗೆ ಯಾರು ಏನು ಸೇರಿಸಿದಾರೋ ಯಾರಿಗೆ ಗೊತ್ತು?”

“ಕೊಳ್ಳೋದಾದ್ರೆ ಏನು ನೋಡಬೇಕು? ಮೇಲ್ಗಡೆ ‘ವಿಂಡೋಸ್ 11ಗೆ ಹೊಂದುತ್ತೆ’ ಅಂತ ಬರೆದಿದ್ರೆ ಸಾಕಲ್ವಾ?”

“ಹೊಂದುತ್ತೆ ಅಂದ್ರೆ ಏನರ್ಥ ಅಣ್ಣಾ? 11ರೊಳಗೆ ಓಪನ್ ಆಗುತ್ತೆ ಅಂತಲೋ, 11 ಹಾಕಿದ ಡಿಸ್ಕನ್ನ ಓದೋಕೆ ಬರುತ್ತೆ ಅಂತಲೋ? ಎರಡೂ ಬೇರೆ.”

ಆಕೆ ಲೆಕ್ಕ ಹಾಕುತ್ತ ಹೋದಳು. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಪಾರ್ಟಿಷನ್ ತಂತ್ರಾಂಶಕ್ಕೆ ತನ್ನದೇ ಡ್ರೈವರ್ ಇದ್ದರೆ ಅದಕ್ಕೆ ಸರಿಯಾದ ಡಿಜಿಟಲ್ ಸಹಿ ಬೇಕು. ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆ ಆನ್ ಆಗಿದ್ದರೆ ಅದಕ್ಕೆ ಹೊಂದದ ಹಳೆಯ ಡ್ರೈವರ್ ಒಳಗೆ ಬರುವುದೇ ಇಲ್ಲ. ಇದು ಬಾಗಿಲಿನ ಮಾತಾಯಿತು. ಡಿಸ್ಕಿನದೇ ಬೇರೆ. 2024ರ 24ಎಚ್2 ಆವೃತ್ತಿಯಿಂದ ಈಚೆಗೆ ಹೊಸದಾಗಿ ವಿಂಡೋಸ್ 11 ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ ಬಹುಪಾಲು ಕಂಪ್ಯೂಟರುಗಳಲ್ಲಿ ಡಿಸ್ಕಿನ ಗೂಢಲಿಪೀಕರಣ, ಅಂದರೆ ಬಿಟ್‌ಲಾಕರ್, ತಾನಾಗಿಯೇ ಆನ್ ಆಗುತ್ತದೆ. ಮಾಲೀಕರ ಮಗಳ ಹೊಸ ಲ್ಯಾಪ್‌ಟಾಪು ಅಂಥದ್ದೇ.

“ಆ ಲ್ಯಾಪ್‌ಟಾಪಿಗೆ ಡಿ ಮಾಡಿಕೊಡ್ತೀನಿ ಅಂತ ಜೀಪಾರ್ಟೆಡ್ ಹಾಕಿ ನೋಡಿ, ಬಿಟ್‌ಲಾಕರ್ ಅಂತ ಹೆಸರು ತೋರಿಸುತ್ತೆ ಅಷ್ಟೆ. ಕುಗ್ಗಿಸೋಕೆ ಬರಲ್ಲ. ಅಲ್ಲಿ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟೇ ಸಲೀಸು.”

“ಜೀಪಾರ್ಟೆಡ್ ಅಂದ್ರೆ ಆ ಲಿನಕ್ಸಿಂದಾ?”

“ಹೂಂ. 2004ರಿಂದ ಇದೆ, ಪೂರ್ತಿ ಪುಕ್ಕಟೆ, ಪೆನ್‌ಡ್ರೈವಿನಿಂದಲೇ ಬೂಟ್ ಆಗುತ್ತೆ. ಬಿಟ್‌ಲಾಕರ್ ಇಲ್ಲದ ಡಿಸ್ಕಿಗೆ ನನ್ನ ಮೊದಲ ಆಯ್ಕೆ ಅದೇ. ಆದರೆ ವಿಂಡೋಸನ್ನ ಪೂರ್ತಿ ಶಟ್‌ಡೌನ್ ಮಾಡಿರಬೇಕು. ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಶಟ್‌ಡೌನ್ ಅಂದಾಗಲೂ ಅರ್ಧ ನಿದ್ದೆ ಮಾಡ್ತಿರುತ್ತೆ. ಅಂಥ ಪಾರ್ಟಿಷನ್ನನ್ನ ಅದು ಮುಟ್ಟಲ್ಲ ಅನ್ನುತ್ತೆ. ಹಾಗನ್ನೋದೇ ಒಳ್ಳೇ ಲಕ್ಷಣ.”

ಮಾಲೀಕರಿಗೆ ಇನ್ನೊಂದು ಹಳೆಯ ಸ್ನೇಹಿತನ ನೆನಪಾಯಿತು. “ಹೈರೆನ್ ಸಿಡಿ? ಅದರಲ್ಲಿ ಎಲ್ಲಾ ಇರ್ತಿತ್ತಲ್ಲ.”

ಹೈರೆನ್ಸ್ ಬೂಟ್ ಸಿಡಿಯ ಹೆಸರು ಕೇಳದ ರಿಪೇರಿಯವರು ಅಪರೂಪ. ಅದರ ಮೂಲ ಸರಣಿಯ ಕೊನೆಯ ಆವೃತ್ತಿ 15.2, ಬಂದದ್ದು 2012ರಲ್ಲಿ. ಒಳಗಿದ್ದದ್ದು ಪುಟ್ಟ ಎಕ್ಸ್‌ಪಿ. ಯುಇಎಫ್‌ಐ ಮಾತ್ರ ಇರುವ ಯಂತ್ರದಲ್ಲಿ ಅದು ಬೂಟ್ ಆಗುವುದೇ ಇಲ್ಲ. ಅಭಿಮಾನಿಗಳು ಆಮೇಲೆ ವಿಂಡೋಸ್ 10ರ ಅಡಿಪಾಯದ ಮೇಲೆ ಅದೇ ಹೆಸರಿನ ಹೊಸ ಆವೃತ್ತಿ ಕಟ್ಟಿದರು. ಬೂಟ್ ಆಗುವ ಪೆನ್‌ಡ್ರೈವಿಗೂ ವಯಸ್ಸಾಗುತ್ತದೆ ಎಂಬುದಕ್ಕೆ 2024ರ ಆಗಸ್ಟ್ ಒಳ್ಳೆಯ ನಿದರ್ಶನ. ಆ ತಿಂಗಳ ವಿಂಡೋಸ್ ಅಪ್‌ಡೇಟ್, ದೋಷವಿದ್ದ ಹಳೆಯ ಬೂಟ್‌ಲೋಡರುಗಳನ್ನು ಸೆಕ್ಯೂರ್ ಬೂಟ್ ತಡೆಯುವಂತೆ ಮಾಡಿತು. ವಿಂಡೋಸ್ ಜೊತೆ ಲಿನಕ್ಸನ್ನೂ ಇಟ್ಟುಕೊಂಡಿದ್ದ ಅನೇಕರ ಯಂತ್ರಗಳು ‘ಏನೋ ಗಂಭೀರವಾಗಿ ಕೆಟ್ಟಿದೆ’ ಎಂಬರ್ಥದ ಸಾಲು ತೋರಿಸಿ ನಿಂತವು. ಹಿಂದಿನ ದಿನದವರೆಗೂ ಬೂಟ್ ಆಗುತ್ತಿದ್ದ ಹಳೆಯ ಲಿನಕ್ಸ್ ಪೆನ್‌ಡ್ರೈವುಗಳಿಗೂ ಅದೇ ಗತಿ.

ಇದು ವಿಂಡೋಸಿನವರ ಪಾಡು ಮಾತ್ರ ಎಂದುಕೊಳ್ಳಬೇಕಿಲ್ಲ. 2023ರಲ್ಲಿ ಲಿನಕ್ಸಿನ ಎಕ್ಸ್ಟ್4 ಕಡತ ವ್ಯವಸ್ಥೆಯ ಉಪಕರಣಗಳ 1.47 ಆವೃತ್ತಿ, ಹೊಸ ಪಾರ್ಟಿಷನ್ ಮಾಡುವಾಗ ‘ಆರ್ಫನ್ ಫೈಲ್’ ಎಂಬ ಸೌಲಭ್ಯವನ್ನು ತಾನಾಗಿಯೇ ಸೇರಿಸತೊಡಗಿತು. ಅಂಥ ಪಾರ್ಟಿಷನ್ನನ್ನು ತಪಾಸಣೆಗೆಂದು ಹಳೆಯ ಉಪಕರಣಕ್ಕೆ ಕೊಟ್ಟರೆ, ‘ಫೀಚರ್ ಸಿ12’ ಎಂಬ ಅಪರಿಚಿತ ವಸ್ತು ಕಂಡಿತೆಂದು ಹೇಳಿ ಕೆಲಸ ನಿಲ್ಲಿಸುತ್ತದೆ. ತನಗೆ ಹೆಸರೇ ಗೊತ್ತಿಲ್ಲದ್ದಕ್ಕೆ ಕ್ರಮಸಂಖ್ಯೆ ಕೊಟ್ಟು ಕೈಮುಗಿಯುವ ಈ ಶಿಸ್ತು ಪಾರ್ಟಿಷನ್ ಮ್ಯಾಜಿಕ್‌ಗೆ ಇದ್ದಿದ್ದರೆ ಎಷ್ಟೋ ಡಿಸ್ಕುಗಳು ಉಳಿಯುತ್ತಿದ್ದವು.

“ಒಟ್ಟು ನೀನು ಹೇಳೋದು, ಯಾವ ಸಾಫ್ಟ್‌ವೇರೂ ಬೇಡ ಅಂತ” ಎಂದರು ಮಾಲೀಕರು. “ಆದ್ರೆ ನನ್ನ ಕೆಲಸ ಆಗೋದು ಹೆಂಗೆ?”

“ಬೇಡ ಅಂತಲ್ಲ ಅಣ್ಣಾ. ಡಿ, ಇ, ಎಫ್‌ನಲ್ಲಿ ಏನಿದೆ ಹೇಳಿ.”

“ಏನಿದೆ ಅಂದ್ರೆ? ಈ ಸೀಸನ್ನಿನ ಮದುವೆಗಳೆಲ್ಲ ಅಲ್ಲೇ ಇವೆ. ಕೆಲವರಿಗೆ ಇನ್ನೂ ಆಲ್ಬಂ ಕೊಟ್ಟಿಲ್ಲ.”

“ಬೇರೆ ಕಡೆ ಕಾಪಿ ಇದೆಯಾ?”

ಮಾಲೀಕರು ಮಾತಾಡಲಿಲ್ಲ.

“ಹಾಗಾದ್ರೆ ಯಾವ ಸಾಫ್ಟ್‌ವೇರ್ ತಂದ್ರೂ ಮೊದಲ ಕೆಲಸ ಕಾಪಿ. ಪಾರ್ಟಿಷನ್ ಪಟ್ಟಿ ಬದಲಾಯಿಸೋದು ಒಂದು ಸೆಕೆಂಡಿನ ಕೆಲಸ. ಪಾರ್ಟಿಷನ್ನಿನ ಶುರುವಿನ ಜಾಗ ಬದಲಾಯ್ತು ಅಂದ್ರೆ ಒಳಗಿರೋ ಡೇಟಾನೆಲ್ಲ ಎತ್ತಿ ಆಚೆ ಬರೀಬೇಕು. ಹೊಲದ ಗಡಿಕಲ್ಲು ಸರಿಸೋದು ಸುಲಭ, ಹೊಲದಲ್ಲಿರೋ ತೆಂಗಿನ ಮರಾನೂ ಅದರ ಜೊತೆ ಸರಿಸಬೇಕು ಅಂದ್ರೆ? ಮಧ್ಯದಲ್ಲಿ ಕರೆಂಟ್ ಹೋದ್ರೆ ಅರ್ಧ ಅಲ್ಲಿ, ಅರ್ಧ ಇಲ್ಲಿ. ಅದಕ್ಕೆ ಮೂರನ್ನೂ ಹೊರಗಿನ ಡಿಸ್ಕಿಗೆ ಕಾಪಿ ಮಾಡೋಣ. ಕಾಪಿ ಆದಮೇಲೆ ಆ ಹಸಿರು ಚೌಕಟ್ಟನ್ನೇ ಅಳಿಸಿಬಿಡೋಣ. ಆಗ ವಿಂಡೋಸಿನ ಉಪಕರಣವೇ ‘ಆಗುತ್ತೆ’ ಅನ್ನುತ್ತೆ. ದುಡ್ಡು ಕೊಟ್ಟು ತರೋ ಸಾಫ್ಟ್‌ವೇರಿಂದ ಉಳಿಯೋದು ವಾಪಸ್ ಕಾಪಿ ಮಾಡೋ ಸಮಯ ಅಷ್ಟೆ.”

ಅವಳ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿತ್ತು, ಅದು ಕೆಲಸದ ಅನುಕ್ರಮದ್ದು. ಎಂಬಿಆರ್2ಜಿಪಿಟಿಯನ್ನು ಓಡುತ್ತಿರುವ ವಿಂಡೋಸಿನ ಒಳಗಿನಿಂದ ನಡೆಸಿದರೆ ಅದು ಸಿಯ ಬಾಲ ಕತ್ತರಿಸಿ 100 ಎಂಬಿಯ ಇಎಫ್‌ಐ ಪಾರ್ಟಿಷನ್ ಮಾಡುತ್ತದೆ. ಸಿಯ ಬಲಮಗ್ಗುಲಿಗೆ ಅದು ಬಂದು ಕೂತಮೇಲೆ ಸಿ ಹಿಗ್ಗಿಸಲು ಹೊರಟರೆ ಮತ್ತೆ ಆ ಮಸುಕು ಸಾಲು. ಆದ್ದರಿಂದ ಮೊದಲು ಸಿ ಹಿಗ್ಗಿಸಬೇಕು, ಆಮೇಲೆ ಜಿಪಿಟಿ, ಅದಾದ ಮೇಲೆ ಬಯಾಸಿನಲ್ಲಿ ಯುಇಎಫ್‌ಐ ಆನ್ ಮಾಡುವುದು.

“ಮಧ್ಯೆ ಇರೋ ರಿಕವರಿ?”

“ಅದನ್ನ ರೀಏಜೆಂಟ್‌ಸಿ ಅನ್ನೋ ಆಜ್ಞೆಯಿಂದ ನಿಲ್ಲಿಸಿ, ಪಾರ್ಟಿಷನ್ ಅಳಿಸಿ, ಆಮೇಲೆ ಸ್ವಲ್ಪ ದೊಡ್ಡದಾಗಿ ಬೇರೆ ಮಾಡೋದು. ಮೈಕ್ರೋಸಾಫ್ಟೇ ಜನರಿಗೆ ಹೇಳಿಕೊಟ್ಟ ವಿಧಾನ.”

ಹೇಳಿಕೊಡುವ ಪ್ರಸಂಗವೂ ಬಂದಿತ್ತು. 2024ರ ಜನವರಿ 9ರಂದು ವಿಂಡೋಸ್ 10ಕ್ಕೆ ಬಂದ ಕೆಬಿ5034441 ಎಂಬ ಭದ್ರತಾ ಅಪ್‌ಡೇಟ್ ರಿಕವರಿ ಪಾರ್ಟಿಷನ್ನಿನಲ್ಲಿ 250 ಎಂಬಿ ಖಾಲಿ ಜಾಗ ಬೇಡಿತು. ವಿಂಡೋಸೇ ಹಿಂದೆ ಮಾಡಿಟ್ಟ ಪಾರ್ಟಿಷನ್ನುಗಳಲ್ಲಿ ಅಷ್ಟು ಜಾಗವಿಲ್ಲದ ಕಂಪ್ಯೂಟರುಗಳು ಲೋಕದ ತುಂಬ ಇದ್ದವು. ಅಪ್‌ಡೇಟ್ ಸೋತು ದೋಷಸಂಖ್ಯೆ ತೋರಿಸಿತು. ಆಗ ಮೈಕ್ರೋಸಾಫ್ಟ್ ಸಿಯನ್ನು 250 ಎಂಬಿ ಕುಗ್ಗಿಸಿ ರಿಕವರಿಯನ್ನು ಹಿಗ್ಗಿಸುವ ಆಜ್ಞೆಗಳ ಪಟ್ಟಿಯನ್ನೇ ಜನರ ಮುಂದಿಟ್ಟಿತು. ಮನೆಯಲ್ಲಿ ಪತ್ರ ಬರೆಯಲು, ಲೆಕ್ಕವಿಡಲು ಕಂಪ್ಯೂಟರ್ ಇಟ್ಟುಕೊಂಡ ಸಾಮಾನ್ಯರಿಗೆ ಡಿಸ್ಕ್‌ಪಾರ್ಟ್ ಎಂಬ ಉಪಕರಣ ತೆರೆದು ಪಾರ್ಟಿಷನ್ ಅಳಿಸಿ ಎಂದರೆ ಹೇಗೆ? ಇಂಥದ್ದಕ್ಕೆ ಗುಂಡಿ ಒತ್ತಿದರೆ ಆಗುವ ವ್ಯವಸ್ಥೆಯನ್ನು ವಿಂಡೋಸ್ ಎಂದೋ ಕೊಡಬೇಕಿತ್ತು.

“ಕಾಪಿಗೆ ಎಷ್ಟು ಹೊತ್ತು?”

“ಸುಮಾರು 700 ಜಿಬಿ ಇದೆ. ಹೊರಗಿನ ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರು ಎಂಬಿ ಬರೆದ್ರೂ ಎರಡು ಗಂಟೆ. ಆಮೇಲೆ ಅಲ್ಲಲ್ಲಿ ಫೈಲ್ ತೆರೆದು ನೋಡಬೇಕು. ನಾಲ್ಕು ಟಿಬಿ ಡಿಸ್ಕ್ ತಂದ್ರೆ ಮುಂದಕ್ಕೂ ಆಗುತ್ತೆ. ಅದನ್ನ ಯಾರ ಕೈಲಾದ್ರೂ ಎಂಬಿಆರ್ ಮಾಡಿಸಿಬಿಡಬೇಡಿ, ಎರಡು ಟಿಬಿ ಕಾಣುತ್ತೆ, ಮಿಕ್ಕಿದ್ದು ಖಾಲಿ ಬಿದ್ದಿರುತ್ತೆ.”

ಮಾತಾಡುತ್ತಲೇ ಆಕೆ ಸಿ ಡ್ರೈವಿನೊಳಗೆ ಏನೇನು ಎಷ್ಟೆಷ್ಟು ತಿಂದಿದೆ ಎಂದು ನೋಡುತ್ತಿದ್ದಳು. ಬಳಕೆದಾರರ ಕಡತಕೋಶದ ಆಳದಲ್ಲಿ, ವಿಡಿಯೋ ಎಡಿಟಿಂಗ್ ತಂತ್ರಾಂಶದ ಮೀಡಿಯಾ ಕ್ಯಾಶ್ ಫೋಲ್ಡರ್ ಸಿಕ್ಕಿತು. ಎಡಿಟ್ ಮಾಡುವಾಗ ಬೇಗ ತೋರಿಸಲೆಂದು ಅದು ಬರೆದಿಟ್ಟುಕೊಳ್ಳುವ ತಾತ್ಕಾಲಿಕ ಫೈಲುಗಳು. ಮುಗಿದುಹೋದ ಮದುವೆಗಳದೂ ಸೇರಿ 40 ಜಿಬಿಗೂ ಹೆಚ್ಚಿತ್ತು.

“ಇದೇನು? ಡಿಲೀಟ್ ಮಾಡಬಹುದಾ?”

“ಎಡಿಟಿಂಗ್ ಸಾಫ್ಟ್‌ವೇರಿನ ಸೆಟ್ಟಿಂಗ್‌ನಲ್ಲೇ ಅಳಿಸೋಕೆ ಕೊಟ್ಟಿದಾರೆ. ಬೇಕಾದಾಗ ಮತ್ತೆ ತಾನೇ ಮಾಡ್ಕೊಳ್ಳುತ್ತೆ. ಇನ್ಮೇಲೆ ಅದರ ಜಾಗ ಡಿ ಅಂತ ಬದಲಾಯಿಸಿದ್ರೆ ಸಿ ಸದ್ಯಕ್ಕೆ ಕೆಂಪಾಗಲ್ಲ.”

“ಅಂದ್ರೆ ಇವತ್ತು ಪಾರ್ಟಿಷನ್ ಮುಟ್ಟೋದೇ ಬೇಡ್ವಾ?”

“ಸಿಗೋಸ್ಕರ ಇವತ್ತೇ ಬೇಡ. 11ಕ್ಕೆ ಹೆಂಗಿದ್ರೂ ಮಾಡಲೇಬೇಕು, ಅದನ್ನ ತುಂಬಾ ಎಳೀಬೇಡಿ. ಈಗ ನಿಮಗೆ ಮದುವೆ ಬುಕಿಂಗ್ ಎಷ್ಟಿದೆ?”

“ವಾರಕ್ಕೆ ಎರಡು ಮೂರು.”

“ಹಾಗಿದ್ರೆ ಆಲ್ಬಂ ಎಲ್ಲ ಕೊಟ್ಟು ಮುಗಿಸಿ, ಆಷಾಢದಲ್ಲಿ ತನ್ನಿ. ಅಷ್ಟರೊಳಗೆ ಡಿಸ್ಕ್ ತಂದು ಕಾಪಿ ಶುರುಮಾಡಿ. ಮನೇಲಿ ಯುಪಿಎಸ್ ಇದ್ರೆ ಅದನ್ನೂ ತನ್ನಿ, ಇಲ್ಲಿಂದು ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲಲ್ಲ.”

“ಕ್ಯಾಶ್ ಅಳಿಸಿದ್ದಕ್ಕೆ ಎಷ್ಟು ಕೊಡಲಿ?”

“ನೂರು ರೂಪಾಯಿ ಕೊಡಿ” ಎಂದ ಆಕೆ, ಮುಂದಿನ ಗಿರಾಕಿಯ ಪ್ರಿಂಟರನ್ನು ತನ್ನತ್ತ ಎಳೆದುಕೊಂಡಳು.